ನಮ್ಮ ಕಡಲಯಾತ್ರೆಯೂ ಒಣಮೀನಿನ ಗಂಟೂ

ಬಳ್ಳಾರಿಯವರಿಗೆ ಸಮುದ್ರವೆಂದರೆ ಹೆಚ್ಚುಕಡಿಮೆ ದೇವರಿದ್ದ ಹಾಗೆ. ಇದೆಯೆಂದು ಎಲ್ಲರೂ ನಂಬುತ್ತಾರೆ, ಕಂಡವರು ಮಾತ್ರ ಕಡಿಮೆ. ಬೇಸಿಗೆ ಬಂತೆಂದರೆ ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ಅದನ್ನು ನಮ್ಮ ಓಣಿಗೆ ಉಗುಳುತ್ತಿದ್ದವು. ನಾವು ಮಾಳಿಗೆಗೆ ನೀರು ಚಿಮುಕಿಸಿ, ಒದ್ದೆ ಪಂಚೆ ಹೊದ್ದು ಮಲಗಿ, ಇದೇ ಸುಖವೆಂದು ತಿಳಿದಿದ್ದೆವು. ನಾನು ಹತ್ತಿ ಮಂಡಿಯಲ್ಲಿ ಗುಮಾಸ್ತ. ನನ್ನ ಸಂಬಳಕ್ಕೆ ಹೊಸಪೇಟೆಯ ಆಚೆಗಿನ ಊರುಗಳ ಪರಿಚಯವೇ ಇರಲಿಲ್ಲ. ಅಂಥ ನಾನು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಹೆಂಡತಿಯನ್ನು ಕರೆದುಕೊಂಡು ಸಮುದ್ರದ ದಂಡೆಯಲ್ಲಿ ವಿಹಾರಕ್ಕೆಂದು ಹೋಗಿಬಂದೆ. ಹೇಳಿದರೆ ಈಗಲೂ ಕೆಲವರು ನಂಬುವುದಿಲ್ಲ.

ಕಾರಣ ವಿಹಾರವಲ್ಲ, ವಿಷಮಜ್ವರ. ಆ ವರ್ಷ ಚಳಿಗಾಲದಲ್ಲಿ ನನ್ನ ಹೆಂಡತಿ ನೀಲಮ್ಮ ಮಲಗಿದವಳು ಎದ್ದಳೇನೋ ನಿಜ, ಆದರೆ ಹಸಿವು ಮಾತ್ರ ಏಳಲಿಲ್ಲ. ಎರಡು ತುತ್ತು ಉಂಡು ತಟ್ಟೆ ಸರಿಸುತ್ತಿದ್ದಳು. ಮಾಳಿಗೆಯ ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಸ್ವಲ್ಪ ದಿನ ಬೇರೆ ಊರಿನ ಗಾಳಿ ಕುಡಿಯಲಿ ಎಂದರು. ನನಗೆ ತಕ್ಷಣ ಹೊಳೆದದ್ದು ಸಿರುಗುಪ್ಪ. ಅದು ಅವಳ ತವರು. ಹೊಳೆಯಿದೆ, ಗದ್ದೆಯಿದೆ, ಎಲ್ಲಕ್ಕಿಂತ ಮುಖ್ಯವಾಗಿ ಮಾವನವರಿದ್ದಾರೆ. ನೀಲಮ್ಮ ಹಾಸಿಗೆಯಲ್ಲೇ ಮಗ್ಗುಲಾಗಿ, "ಸಿರುಗುಪ್ಪದ ಗಾಳಿ ಹುಟ್ಟಿದಾಗಿಂದ ಕುಡದೀನ್ರಿ. ಒಂದು ಸಲ ಸಮುದ್ರ ತೋರಿಸ್ರಿ" ಎಂದಳು. ಮದುವೆಯಾದಾಗಿನಿಂದ ಸೀರೆಯನ್ನೂ ಬಾಯಿಬಿಟ್ಟು ಕೇಳದ ಹೆಂಗಸು. ಕೊನೆಗೆ ಬಾಯಿಬಿಟ್ಟಾಗ ಸಮುದ್ರವನ್ನೇ ಕೇಳಿಬಿಟ್ಟಳು.

ಮಂಡಿಯಲ್ಲಿ ನನ್ನ ಪಕ್ಕದ ಮೇಜಿನ ಗುರುಪಾದಪ್ಪ ಧೈರ್ಯ ಕೊಟ್ಟರು. "ಅಂಕೋಲಾದ ಹತ್ರ ನಮ್ಮ ಸೋದರಮಾವನ ಮಗ ಅದಾನ. ಸರ್ಕಾರಿ ಕ್ವಾರ್ಟರ್ಸು. ಕಿಟಕಿ ತೆಗದ್ರ ಸಮುದ್ರ ಒಳಗ ಬರ್ತೈತಿ. ನನ್ನ ಹೆಸರು ಹೇಳ್ರಿ, ಸಾಕು." ಇರಲು ಮನೆ ಸಿಕ್ಕಿತು. ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋದರಾಯಿತು. ಅಷ್ಟರಲ್ಲಿ ಸುದ್ದಿ ತಿಳಿದು ಕುರುಗೋಡಿನಿಂದ ನನ್ನ ಸೋದರತ್ತೆ ಬಸಮ್ಮ ಬಂದಿಳಿದರು. "ಅಲ್ಲೇ ಹತ್ರ ಗೋಕರ್ಣ ಐತಂತಲ್ಲೋ ಈರಣ್ಣ. ನಾನೂ ಬರ್ತೀನಿ. ಆಕಿ ಕೈಲಿ ಇನ್ನೂ ಸೌಟು ಎತ್ತಾಕ ಆಗಂಗಿಲ್ಲ, ನೀನಂತೂ ನೀರು ಕಾಸಿದ್ರೂ ಸೀಯ್ತೈತಿ" ಎಂದರು. ನಮ್ಮ ಅತ್ತೆ ಎಂದರೆ ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯದವರು, ಈರುಳ್ಳಿ ಹೆಚ್ಚಿದ ಈಳಿಗೆಯನ್ನೂ ಅನುಮಾನದಿಂದ ನೋಡುವವರು. ಮಕ್ಕಳನ್ನು ಸಿರುಗುಪ್ಪಕ್ಕೆ ಕಳಿಸಿ, ಒಂದು ಚೀಲ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಸೀಮೆಎಣ್ಣೆ ಸ್ಟೌವು, ಹಾಸಿಗೆ ಸುರುಳಿ ಹೊತ್ತು ನಾವು ಮೂವರು ಹುಬ್ಬಳ್ಳಿ ರೈಲು ಹತ್ತಿದೆವು. ಹುಬ್ಬಳ್ಳಿಯಿಂದ ಬಸ್ಸು. ಘಟ್ಟದ ತಿರುವುಗಳಲ್ಲಿ ನಾನು ಕಿಟಕಿಯ ಹೊರಗೆ ತಲೆಹಾಕಿ ಏನು ಮಾಡಿದೆನೆಂಬುದನ್ನು ಇಲ್ಲಿ ಬರೆಯುವುದು ಬೇಡ. ಕಾಯಿಲೆಯವಳು ಮಾತ್ರ ನನ್ನ ಬೆನ್ನು ಸವರುತ್ತ ಕುಳಿತಿದ್ದಳು.

ಊರು ಮುಟ್ಟಿ, ಕೇಳುತ್ತ ಕೇಳುತ್ತ ಹೋಗಿ ನೋಡಿದರೆ ಕ್ವಾರ್ಟರ್ಸು ಇತ್ತು, ಕಿಟಕಿಯೂ ಇತ್ತು, ಸಮುದ್ರವೂ ಇತ್ತು. ಗುರುಪಾದಪ್ಪನವರ ಸೋದರಮಾವನ ಮಗ ಇರಲಿಲ್ಲ. ವರ್ಗವಾಗಿ ಹೋಗಿ ಎಷ್ಟೋ ತಿಂಗಳಾಗಿತ್ತಂತೆ. ಬೀಗದ ಬಾಗಿಲಿಗೆ ಯಾರೋ ಒಂದು ಮೇಕೆ ಕಟ್ಟಿದ್ದರು. ಅದು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಮೆಲುಕು ಹಾಕತೊಡಗಿತು. ಪೇಟೆಗೆ ವಾಪಸು ಹೋಗಿ ಲಾಡ್ಜಿನಲ್ಲಿ ಇಳಿದರೆ ಕೈಯಲ್ಲಿದ್ದ ದುಡ್ಡಿಗೆ ನಮ್ಮ ವಿಹಾರ ಮರುದಿನ ಬೆಳಿಗ್ಗೆಗೇ ಮುಗಿಯುತ್ತಿತ್ತು. ನೀಲಮ್ಮನ ಮುಖ ಬಿಳಿಚಿತ್ತು. ಅವಳನ್ನು ಮರಳ ಮೇಲೆ ಕವುಚಿ ಹಾಕಿದ್ದ ದೋಣಿಯೊಂದರ ನೆರಳಿನಲ್ಲಿ ಕೂಡಿಸಿದೆವು. ಅತ್ತೆ ಮಾತ್ರ ನಿಂತೇ ಸಮುದ್ರವನ್ನು ಬಹಳ ಹೊತ್ತು ನೋಡಿ, "ಇಷ್ಟು ನೀರು ಇಟ್ಗೊಂಡು ಒಂದು ಕೊಡ ಕುಡಿಯಾಕ ಬರಂಗಿಲ್ಲಂದ್ರ, ದೇವ್ರು ಏನು ಎಣಿಕಿ ಹಾಕಿದ್ನೋ" ಎಂದರು.

ಆಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು. ಅದು ಅವಳ ಗಂಡನ ದೋಣಿ. "ಯಾವೂರಾಯ್ತು ನಿಮ್ದು?" ಎಂದು ಕೇಳಿದಳು. ಆ ಸೀಮೆಯಲ್ಲಿ ಹಾಗೆ ಕೇಳುವುದೇ ರೂಢಿ. ಅತ್ತೆಗೆ ಅದು ಗೊತ್ತಿಲ್ಲ. "ಆಗೋದೇನವ್ವ, ಮೊದ್ಲೂ ಕುರುಗೋಡು, ಈಗ್ಲೂ ಕುರುಗೋಡು" ಎಂದರು. ಅವಳಿಗೆ ನಗು ಬಂತು. ನಾನು ನಮ್ಮ ಕಥೆ ಹೇಳಿದೆ. ಅವಳು ಕೇಳುತ್ತಲೇ ನೀಲಮ್ಮನ ಹಣೆ ಮುಟ್ಟಿ ನೋಡಿ, ನಮ್ಮ ಹಾಸಿಗೆ ಸುರುಳಿಯನ್ನು ಎತ್ತಿ ತನ್ನ ಬುಟ್ಟಿಯ ಮೇಲಿಟ್ಟುಕೊಂಡು ನಡೆದೇಬಿಟ್ಟಳು. ಅವಳ ಹೆಸರು ಮಾದೇವಿ. ಹಾಸಿಗೆ ಹೋದ ಮೇಲೆ ನಾವು ನಿಂತು ಏನು ಮಾಡುವುದು? ಹಿಂದೆ ಹೋದೆವು.

ತೆಂಗಿನ ಗರಿಯ ಮನೆ. ಸಗಣಿ ಸಾರಿಸಿದ ಜಗುಲಿ. "ಇಲ್ಲೇ ಇರಿ, ಗಾಳಿ ಬತ್ತದೆ" ಎಂದಳು ಮಾದೇವಿ. ಅತ್ತೆ ಗಂಟಲು ಸರಿಮಾಡಿಕೊಂಡು, "ನಾವು ಮೀನು ತಿನ್ನಂಗಿಲ್ಲವ್ವ" ಎಂದರು. "ಹಾಗಾದ್ರೆ ಬದುಕೂದು ಹ್ಯಾಂಗೆ?" ಎಂದು ಅವಳು ನಿಜವಾದ ಕನಿಕರದಿಂದ ಕೇಳಿದಳು. ಅತ್ತೆ ಖಡಕ್ ರೊಟ್ಟಿ ತೆಗೆದು ತೋರಿಸಿದರು. ಅವಳು ಅದನ್ನು ಬೆರಳಲ್ಲಿ ಬಡಿದು ಸದ್ದು ಕೇಳಿ, ಮುರಿದು, ಚಟ್ನಿಪುಡಿಯೊಂದಿಗೆ ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಇನ್ನೊಂದು ಕೇಳಿದಳು. ಆಮೇಲೆ ಅಂಗಳದ ಮೂಲೆಯಲ್ಲಿ ನಮಗೆಂದೇ ಮೂರು ಕಲ್ಲು ಹೂಡಿ, ಹೊಸ ಮಡಕೆ ತಂದುಕೊಟ್ಟಳು.

ಅಲ್ಲಿಂದ ನಮ್ಮ ವಿಹಾರ ಆರಂಭ. ಮೊದಲ ಸಂಜೆ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು, ಚಂದ್ರನಿಗೂ ಅಲೆಗೂ ಇರುವ ಸಂಬಂಧವನ್ನು ನೀಲಮ್ಮನಿಗೆ ವಿವರಿಸುತ್ತಿದ್ದೆ. ಬೆನ್ನು ಸಮುದ್ರದ ಕಡೆಗಿತ್ತು. ಮುಂದೆ ನನಗೆ ನೆನಪಿರುವುದು ಬಾಯಿತುಂಬ ಉಪ್ಪು, ಮೂಗಿನ ತುಂಬ ಮರಳು, ಮತ್ತು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದ ಒಂದು ಕೈ. ಮೆಟ್ಟಿಲು ಹತ್ತಲಾರದ ಹೆಂಡತಿ ನನ್ನನ್ನು ದಂಡೆಗೆ ಎಳೆದು ಹಾಕಿದ್ದಳು. ಹೊಳೆಯ ಊರಿನಲ್ಲಿ ಬೆಳೆದವಳಿಗೆ ನೀರಿನಲ್ಲಿ ಕಾಲು ಊರುವುದು ಹೇಗೆಂದು ಗೊತ್ತಿತ್ತು. ಅವಳು ಏದುಸಿರು ಬಿಡುತ್ತಿದ್ದಳು, ಜೊತೆಗೆ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದು ನಾನು ಯೋಚಿಸುತ್ತ ಒದ್ದೆ ಪಂಚೆಯಲ್ಲಿ ಕುಳಿತಿದ್ದೆ. ಆ ರಾತ್ರಿ ಮಾದೇವಿ ಕೊಟ್ಟ ಕುಚ್ಚಲಕ್ಕಿಯಲ್ಲಿ ಅತ್ತೆ ಕಾಯಿಸಿದ ಗಂಜಿಯನ್ನು ಉಂಡು ನೀಲಮ್ಮ, "ಇನ್ನೊಂದು ಸೌಟು ಹಾಕ್ರಿ ಅತ್ತಿ" ಎಂದಳು. ಅತ್ತೆ ಹಾಕಿದರು. ಹಾಕಿ, ಹೊಗೆಯೆಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅತ್ತೆಗೆ ಗೋಕರ್ಣದ ದರ್ಶನವೂ ಆಗಿ, ಕೆಲವು ದಿನ ಕಳೆದ ಮೇಲೆ ಒಂದು ವಿಷಯ ನೀಲಮ್ಮನ ಗಮನಕ್ಕೆ ಬಂತು. ಮೀನುಗಾರರ ಮನೆ, ಮೀನಿನ ವಾಸನೆಯೇ ಇಲ್ಲ. ಹಿತ್ತಿಲಿಗೆ ಹೋಗಿ ನೋಡಿದರೆ ಮಾದೇವಿ ತನ್ನ ಗಂಡನನ್ನು ಪಕ್ಕದ ಮನೆಯ ಒಲೆಯ ಬಳಿ ಕೂಡಿಸಿ ಬಡಿಸುತ್ತಿದ್ದಳು. ನಾವು ಬಂದಂದಿನಿಂದ ಸ್ವಂತ ಒಲೆಗೆ ಮೀನು ಏರಿಸಿರಲಿಲ್ಲ. ಹಗಲೆಲ್ಲ ಸಮುದ್ರದಲ್ಲಿ ದುಡಿದು ಬಂದ ಮನುಷ್ಯ, ನಮ್ಮ ಮೂಗಿಗಾಗಿ ಕಂಡವರ ಅಂಗಳದಲ್ಲಿ ಉಣ್ಣುತ್ತಿದ್ದ. ನೀಲಮ್ಮ ಬಂದು ಹೇಳಿದಾಗ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅತ್ತೆ ಏನನ್ನುತ್ತಾರೋ ಎಂಬ ಅಂಜಿಕೆ ಬೇರೆ. ಅವರು ಎದ್ದು ನೆಟ್ಟಗೆ ಮಾದೇವಿಯ ಹತ್ತಿರ ಹೋದರು.

"ಏನವ್ವ, ನಾವು ಅತಿಥಿಗಳೋ, ಶನಿಗಳೋ?"

"ಎಂತಕ್ಕೆ ಹಾಗಂತ್ರಿ?"

"ನಿನ್ನ ಮನಿ, ನಿನ್ನ ಒಲಿ. ಹಚ್ಚು ಒಲಿ. ನಾವು ತಿನ್ನಂಗಿಲ್ಲ ಅಂದೀವಿ, ಮೂಸಂಗಿಲ್ಲ ಅಂದಿಲ್ಲ. ಮೂಗಿಗೆ ಎಲ್ಲೀ ಮಡಿ?"

ಆ ಸಂಜೆ ಮಾದೇವಿಯ ಒಲೆಯ ಮೇಲೆ ಸಾರು ಕುದಿಯಿತು. ಅತ್ತೆ ಜಗುಲಿಯ ಮೇಲೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಬಹಳ ಸಂತೋಷದಿಂದ ಕುಳಿತಿದ್ದರು.

ಹೊರಡುವ ದಿನ ಮಾದೇವಿ ನಾನು ದುಡ್ಡು ಹಿಡಿದು ಚಾಚಿದ ಕೈಯನ್ನು ಮಡಚಿ ವಾಪಸು ಕಳಿಸಿದಳು. ಅದರ ಬದಲು ಬಾಳೆನಾರಿನಿಂದ ಬಿಗಿದ ದೊಡ್ಡ ಗಂಟೊಂದನ್ನು ಅತ್ತೆಯ ಮಡಿಲಿಗೆ ಹಾಕಿದಳು. ಒಣಮೀನು. "ಹಸೀದು ತಿನ್ನೂದಿಲ್ಲ ಅಂದ್ರಲ್ಲ, ಇದು ಒಣಗಿದ್ದು" ಎಂದಳು. ಅತ್ತೆ ಒಂದು ಗಳಿಗೆ ಗಂಟನ್ನು ನೋಡಿ, ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ತಮ್ಮ ಚೀಲದೊಳಗೆ ಇಟ್ಟುಕೊಂಡರು. ಹುಬ್ಬಳ್ಳಿಯಲ್ಲಿ ನಾವು ಹತ್ತಿದ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದಗ ಬರುವಷ್ಟರಲ್ಲಿ ನಮ್ಮ ಸುತ್ತಮುತ್ತಲಿನವರು ಒಬ್ಬೊಬ್ಬರಾಗಿ ಬೇರೆ ಕಡೆ ಗಾಳಿ ಚೆನ್ನಾಗಿದೆಯೆಂದು ಎದ್ದು ಹೋದರು. ನೀಲಮ್ಮ ಕಾಲು ಚಾಚಿ ಮಲಗಿ ಬಳ್ಳಾರಿಯವರೆಗೆ ನಿದ್ದೆ ಮಾಡಿದಳು. ಮಾದೇವಿ ಅಷ್ಟು ದೂರದಿಂದಲೂ ನಮಗೆ ಹಾಸಿಗೆ ಹಾಸಿಕೊಟ್ಟಳು ಎಂದು ನಾನು ಕೈಮುಗಿದೆ, ಮೂಗು ಹಿಡಿದುಕೊಂಡು.

ಗಂಟು ಕೊನೆಗೆ ಸೇರಿದ್ದು ನಮ್ಮ ಪಕ್ಕದ ಮನೆಯ ತೆಲುಗಿನವರಿಗೆ. ರೈಲ್ವೆಯಲ್ಲಿ ಗಾರ್ಡಾಗಿದ್ದ ಆ ಪುಣ್ಯಾತ್ಮರು ಅದರ ಹುಳಿಸಾರು, ಅವರ ಮಾತಿನಲ್ಲಿ ಪುಲುಸು, ಮಾಡಿ ಉಂಡು, ಬಹಳ ಚೆನ್ನಾಗಿದೆಯೆಂದು ಗೋಡೆಯಾಚೆಯಿಂದಲೇ "ಚಾಲಾ ಬಾಗುಂದಂಡಿ" ಎಂದು ಕೂಗಿ ಹೇಳಿದರು. ನೀಲಮ್ಮ ಒಂದೇ ಉಸಿರಿಗೆ ಮಾಳಿಗೆ ಹತ್ತಿ, ಯಾರು ಏನು ಹೇಳಿದರೆಂದು ನೋಡಿ ಬಂದಳು.

ಇದಾಗಿ ವರ್ಷಗಳಾದವು. ನಾನು ಈಗಲೂ ಶುದ್ಧ ಸಸ್ಯಾಹಾರಿ, ಅದರಲ್ಲಿ ಸಂಶಯ ಬೇಡ. ಆದರೆ ಸಂತೆಯಲ್ಲಿ ಒಣಮೀನಿನ ಸಾಲು ಬಂತೆಂದರೆ ನನ್ನ ಕಾಲು ನಿಧಾನವಾಗುತ್ತದೆ. ಎಲ್ಲರೂ ಮೂಗು ಮುಚ್ಚಿಕೊಂಡು ಓಡುವ ಜಾಗದಲ್ಲಿ ನಿಂತು, ಕಣ್ಣು ಮುಚ್ಚಿ, ಒಂದು ಉಸಿರು ಎಳೆದುಕೊಂಡು ಮುಂದೆ ಹೋಗುತ್ತೇನೆ. ಒಮ್ಮೆ ನಮ್ಮ ಓಣಿಯ ಮಠದ ಅಯ್ಯನವರು ನಾನು ಹಾಗೆ ನಿಂತದ್ದನ್ನು ಕಂಡರು. ಏನೂ ಕೇಳಲಿಲ್ಲ, ದೊಡ್ಡವರು. ಮುಂದಿನ ಸೋಮವಾರದಿಂದ ಪ್ರಸಾದದ ಪಂಕ್ತಿಯಲ್ಲಿ ನನಗೆ ಕಟ್ಟಕಡೆಯ ಜಾಗ ತೋರಿಸುತ್ತಿದ್ದಾರೆ. ಬಾಗಿಲ ಹತ್ತಿರದ, ಗಾಳಿ ಬರುವ ಜಾಗ ಅದು. ಬಳ್ಳಾರಿಯ ಬೇಸಿಗೆಯಲ್ಲಿ ಅಷ್ಟು ಒಳ್ಳೆಯ ಜಾಗ ಸಿಕ್ಕರೆ ನ್ಯಾಯ ಕೇಳುತ್ತ ಕೂಡುವಷ್ಟು ದಡ್ಡ ನಾನಲ್ಲ.