ಕೆಳಗಿಳಿದ ತಂಡ ಮತ್ತು ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಎಪ್ಪತ್ತಾರು ವರ್ಷ ವಯಸ್ಸು, ಎರಡು ಕಾಲಿನಲ್ಲೂ ಮಂಡಿನೋವು, ಜೊತೆಗೆ ಒಂದು ಫುಟ್‌ಬಾಲ್ ತಂಡ. ಇವುಗಳಲ್ಲಿ ಹೆಚ್ಚು ಯಾತನೆ ಯಾವುದರದ್ದು ಎಂದು ಕೇಳಿ ನೋಡಿ. ಸ್ವತಃ ಡಾಕ್ಟರಾಗಿದ್ದವರು, ತಂಡದ್ದೇ ಎನ್ನುತ್ತಾರೆ.

ಆ ತಂಡವೇನು ಜಗತ್ಪ್ರಸಿದ್ಧವೇ? ಸ್ಕಾಟ್ಲೆಂಡಿನ ಕಡಲತೀರದ ಪುಟ್ಟ ಊರೊಂದರದು. ಅಲ್ಲಿನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತದೆ. ದೊಡ್ಡಮ್ಮ ಚಿಕ್ಕ ವಯಸ್ಸಿನಲ್ಲಿ ಆ ಊರಿನ ಆಸ್ಪತ್ರೆಯಲ್ಲಿ ಒಂದು ವರ್ಷ ಕೆಲಸಕ್ಕಿದ್ದರು. ಆಮೇಲೆ ಅಮೆರಿಕಕ್ಕೆ ಬಂದು, ಫೋರ್ಟ್ ಲೀ ಊರಿನ ನದಿದಂಡೆಯ ಕಟ್ಟಡವೊಂದರ ಹದಿನೆಂಟನೇ ಮಹಡಿಯಲ್ಲಿ ನೆಲೆಸಿ, ರಿಟೈರ್ ಕೂಡ ಆದರು. ತಂಡವನ್ನು ಮಾತ್ರ ಬಿಡಲಿಲ್ಲ.

ಶನಿವಾರ ಅಲ್ಲಿ ಮಧ್ಯಾಹ್ನ ಮೂರು ಗಂಟೆಯಾದರೆ ಇಲ್ಲಿ ಬೆಳಿಗ್ಗೆ ಹತ್ತು. ದೊಡ್ಡಮ್ಮ ಸ್ನಾನ ಮುಗಿಸಿ, ತಂಡದ ಬಣ್ಣದ ಮೆರೂನ್ ಸೀರೆ ಉಟ್ಟು, ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚುತ್ತಾರೆ. ವೀಡಿಯೊ ಬೇಡ, ಫೋನಿನಲ್ಲಿ ಕಾಮೆಂಟರಿ ಸಾಕು. ಸೇತುವೆಯ ಮೇಲೆ ಸಾಲುಗಟ್ಟಿದ ಕಾರುಗಳು, ನದಿಯ ಮೇಲಿನ ಮಂಜು, ಎಲ್ಲವೂ ಮೆಲ್ಲಗೆ ಕರಗಿಹೋಗಿ, ಅವರ ಕಣ್ಣೊಳಗೆ ಗೋಲ್‌ಪೋಸ್ಟಿನ ಹಿಂದಿನ ಬೂದು ಕಡಲು ತೆರೆದುಕೊಳ್ಳುತ್ತದೆ. ಜರ್ಸಿ ಸಿಟಿಯಿಂದ ಮಗಳನ್ನು ಕರೆದುಕೊಂಡು ಹೋಗುವ ನಾನು ಆ ಮುಖವನ್ನೇ ನೋಡುತ್ತ ಕೂರುತ್ತೇನೆ. ಕಾಮೆಂಟರಿ ಹೇಳುವ ಇಬ್ಬರು ಮುದುಕರ ಇಂಗ್ಲಿಷು ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಒಮ್ಮೆ ಇಬ್ಬರೂ ಗದ್ಗದಿತರಾಗಿ ಐದು ನಿಮಿಷ ಮಾತಾಡಿದರು. ಗೋಲಾಯಿತೇ ಎಂದು ಕೇಳಿದೆ. ಇಲ್ಲವಂತೆ, ಚಹಾ ತಣ್ಣಗಿತ್ತಂತೆ.

ಇನ್ನೊಂದು ಶನಿವಾರ ಹಿಲ್ಸ್‌ಬರೋದ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಥೆಯಲ್ಲಿ ವರ್ತಕನಿಗೆ ಕಷ್ಟಗಳು ಶುರುವಾಗುತ್ತಿದ್ದಂತೆ ದೊಡ್ಡಮ್ಮನ ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು. ಅಂಥ ಭಕ್ತಿಯನ್ನು ಕಂಡು ಪುರೋಹಿತರು ಎರಡು ಪಾಲು ಪ್ರಸಾದ ಕೊಡಿಸಿದರು. ಸೆರಗಿನ ಮರೆಯ ಇಯರ್‌ಫೋನ್ ನನಗೊಬ್ಬನಿಗೇ ಗೊತ್ತು. ಮೂರು ಸೊನ್ನೆಯಿಂದ ಸೋತಿದ್ದರು!

ಮೇಲೇರುವುದು, ಕೆಳಗಿಳಿಯುವುದು ಎಂದರೇನೆಂದು ನನ್ನ ಮಗಳಿಗೆ ಅವರೇ ಹೇಳಿಕೊಟ್ಟರು. ಹತ್ತು ತಂಡ, ವರ್ಷದ ಕೊನೆಗೆ ಮೊದಲನೆಯದು ಮೇಲಿನ ದರ್ಜೆಗೆ, ಹತ್ತನೆಯದು ಕೆಳಗಿನ ದರ್ಜೆಗೆ. ಅಮೆರಿಕದಲ್ಲಿ ಹುಟ್ಟಿದ ಮಗಳಿಗೆ ಇದು ಘೋರ ಅನ್ಯಾಯವಾಗಿ ಕಂಡಿತು. ಇಲ್ಲಿ ಎಷ್ಟು ಸೋತರೂ ಯಾರೂ ಯಾರನ್ನೂ ಕೆಳಗೆ ಕಳಿಸುವುದಿಲ್ಲವಲ್ಲ.

"ಬಟ್ ಅಜ್ಜಿ, ದಟ್ಸ್ ಸೋ ಮೀನ್," ಎಂದಳು.

ಆಗಸ್ಟಿನಲ್ಲಿ ದೊಡ್ಡಮ್ಮ ಮೇಲೇರುವ ಕನಸು ಕಾಣುತ್ತಿದ್ದರು. ಹಿಮ ಬೀಳುವ ಹೊತ್ತಿಗೆ ಆ ಕನಸು ಇದ್ದಲ್ಲೇ ಉಳಿಯುವುದಕ್ಕೆ ಇಳಿದಿತ್ತು. ಸದಾ ಗೆಲ್ಲುವ ದೊಡ್ಡ ತಂಡವೊಂದನ್ನು ಹಿಡಿಯಬಾರದೇ ಎಂದು ನಾನು ಕೇಳಿದ್ದಕ್ಕೆ, ಅಂಥ ತಂಡಕ್ಕೆ ಬೇಕಾದಷ್ಟು ಜನ ಇದ್ದಾರೆ ಎಂದುಬಿಟ್ಟರು.

ಮೇ ತಿಂಗಳಲ್ಲಿ ಕೊನೆಯ ಪಂದ್ಯ. ಡ್ರಾ ಆಗಿದ್ದರೂ ಸಾಕಿತ್ತು, ಉಳಿಯುತ್ತಿದ್ದರು. ಮುಗಿಯಲು ಎರಡು ನಿಮಿಷವಿರುವಾಗ ಎದುರು ತಂಡದ ಗೋಲು. ಹತ್ತನೇ ಸ್ಥಾನ. ದೊಡ್ಡಮ್ಮ ಅತ್ತೇಬಿಡುತ್ತಾರೆಂದು ನಾನು ನೀರಿನ ಲೋಟ ಹಿಡಿದು ನಿಂತೆ. ಅವರು ಕಣ್ಣು ತೆರೆಯಲೇ ಇಲ್ಲ. ಫೋನಿನಿಂದ ಮಳೆಯ ಹಾಗೆ ಒಂದು ಸದ್ದು ಬರುತ್ತಿತ್ತು. ಜನ ಜಗಳಕ್ಕಿಳಿದರೇ ಎಂದು ಕೇಳಿದೆ.

"ಅಲ್ವೋ, ಚಪ್ಪಾಳೆ ಅದು," ಎಂದರು. ಆಮೇಲೆ ನಲವತ್ತೇಳು ವರ್ಷದಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದರು. "ಆ ಊರಲ್ಲಿದ್ದ ವರ್ಷ ನಾನು ಪರೀಕ್ಷೆ ಫೇಲ್ ಆಗಿದ್ದೆ. ಮನೆಗೆ ಪತ್ರ ಬರಿಯೋಕೂ ಧೈರ್ಯ ಇರಲಿಲ್ಲ. ರೂಮಲ್ಲಿ ಒಬ್ಳೇ ಕೂರಕ್ಕಾಗದೆ ಮೈದಾನಕ್ಕೆ ಹೋಗಿ ಆ ಜನರ ಮಧ್ಯೆ ನಿಂತ್ಕೊಂಡೆ. ಅವತ್ತೂ ಇವರು ಕೆಳಗೆ ಹೋದ್ರು. ಯಾರೂ ಜಾಗ ಬಿಟ್ಟು ಕದಲಲಿಲ್ಲ, ಹೀಗೇ ಚಪ್ಪಾಳೆ ಹೊಡೆದ್ರು. ನಂಗೂ ಸೇರಿಸಿ ಹೊಡೀತಿದಾರೆ ಅನ್ನಿಸ್ತು ಕಣೋ."

ಕುರ್ಚಿಯ ಕೈ ಹಿಡಿದು ಎದ್ದು ನಿಂತು ದೊಡ್ಡಮ್ಮ ಚಪ್ಪಾಳೆ ತಟ್ಟತೊಡಗಿದರು. ನಾನು ಲೋಟ ಕೆಳಗಿಟ್ಟೆ. ನೆಲದ ಮೇಲೆ ಕೂತಿದ್ದ ಮಗಳೂ ಎದ್ದಳು. ಫೋನಿನೊಳಗಿನ ಸದ್ದು ನಿಂತು ಎಷ್ಟೋ ಹೊತ್ತಾದರೂ ಅವಳು ಚಪ್ಪಾಳೆ ನಿಲ್ಲಿಸಲಿಲ್ಲ. ಅವಳು ನೋಡುತ್ತಿದ್ದುದು ಅಜ್ಜಿಯನ್ನು.