ಬೀಗರಿಗೆ ಕೊಟ್ಟ ಸೀಬೆ ಸಸಿ

ಡ್ರಾಯಿಂಗ್ ಮೇಷ್ಟ್ರ ಹಿತ್ತಿಲಿನ ಟೊಮ್ಯಾಟೊ ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ನಾಟಕವನ್ನು ಹಲವು ದಿನ ಆಡಿ, ಆ ಭಾನುವಾರ ಬೆಳಿಗ್ಗೆ ಏಳಲೇ ಇಲ್ಲ. ಮೇಷ್ಟ್ರು ಬೇಸರದಿಂದ ಅದನ್ನು ಕಿತ್ತು ನೋಡಿದರೆ ಬೇರಿನ ತುಂಬ ಗಂಟು, ಕಡಲೆಕಾಳನ್ನು ದಾರಕ್ಕೆ ಪೋಣಿಸಿದ ಹಾಗೆ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಒಂದು ಕುತ್ತಿಗೆ ಚಾಚಿಕೊಂಡಿತು. ಅದು ಪಕ್ಕದ ಮನೆಯ ರಿಟೈರ್ಡ್ ಸಾಹೇಬರದು. ಕೃಷಿ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರ ಪಾಲಿಗೆ ಇಲಾಖೆ ಅಂತ ಉಳಿದಿದ್ದು ಮೇಷ್ಟ್ರ ಹಿತ್ತಿಲೊಂದೇ.

"ಬೇರುಗಂಟು ರೋಗ," ಎಂದರು ಸಾಹೇಬರು, ಬಹುಮಾನ ಘೋಷಿಸುವ ದನಿಯಲ್ಲಿ. "ನೆಮಟೋಡ್ ಅಂತ, ಕಣ್ಣಿಗೆ ಕಾಣದ ಜಂತುಹುಳ. ಮಣ್ಣಲ್ಲೇ ಇರತ್ತೆ. ಈ ಮಣ್ಣು ಹೋದಲ್ಲೆಲ್ಲ ಅದೂ ಹೋಗತ್ತೆ. ಸೀಬೆ ತೋಟಕ್ಕೇನಾದ್ರೂ ಹೊಕ್ಕರೆ ಮರಗಳೇ ಒಣಗಿ ನಿಲ್ತವೆ. ಯಾರಿಗೂ ಕೊಟ್ಟಿಲ್ಲ ತಾನೆ?"

ಮೇಷ್ಟ್ರು ಕೊಟ್ಟಿದ್ದರು. ಮಗಳ ಮದುವೆ ಮಾತುಕತೆ ಮುಗಿದ ದಿನ, ಕಪ್ಪು ಪ್ಲಾಸ್ಟಿಕ್ ಕವರಿಗೆ ಇದೇ ಮಣ್ಣು ತುಂಬಿ ತಾವೇ ಬೆಳೆಸಿದ್ದ ಒಂದು ಸೀಬೆ ಸಸಿಯನ್ನು ಬೀಗರ ಕೈಗಿತ್ತು ಫೋಟೊ ಬೇರೆ ತೆಗೆಸಿಕೊಂಡಿದ್ದರು. ಬೀಗರ ಮನೆ ಹಿಂದೆ ಇರುವುದು ಬರೀ ಸೀಬೆ ತೋಟ. ಮರದ ಮೈ ಸವರದೆ ಆ ಮಹಾನುಭಾವರು ಕಾಫಿ ಕುಡಿಯುವವರಲ್ಲ. ಕೊಂಬೆ ಕತ್ತರಿಸುವ ಕತ್ತರಿಯನ್ನು ಮೊಂಡು ಮಾಡಿ ವಾಪಸ್ ಕೊಟ್ಟನೆಂದು ಒಡಹುಟ್ಟಿದ ಅಣ್ಣನ ಜೊತೆ ಮಾತು ಬಿಟ್ಟವರು. ಮೇಷ್ಟ್ರು ಕೊಟ್ಟ ಸಸಿಯನ್ನು ಇವತ್ತು ಮಧ್ಯಾಹ್ನ ತೋಟದ ನಟ್ಟನಡುವೆ ನೆಡುವುದಾಗಿ ನಿನ್ನೆ ತಾನೇ ಫೋನು ಮಾಡಿದ್ದರು.

ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"ಕೊಟ್ಟಿದ್ದನ್ನ ವಾಪಸ್ ಕೇಳೋ ಜನ ಅಂತಾರೆ. ಹುಳ ಅಂದ್ರೆ, ಹುಳ ಕೊಟ್ಟ ಜನ ಅಂತಾರೆ. ಎರಡರಲ್ಲಿ ಯಾವ ಹೆಸರು ಬೇಕು ನಿಮಗೆ?"

ಒಳಗೆ ಮಗಳು ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಾ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ಮೇಷ್ಟ್ರು ಈಚೆಗೆ ಮಾತ್ರ ಕೇಳಿದ್ದರು. ಆ ನಗು ನಿಂತರೆ ತಮ್ಮ ಮನೆ ಮನೆಯಾಗಿರುವುದಿಲ್ಲ ಎನಿಸಿತು ಅವರಿಗೆ.

ಉಳಿದಿದ್ದು ಒಂದೇ ದಾರಿ. ಅಂಥದ್ದೇ ಇನ್ನೊಂದು ಸಸಿ ಕೊಂಡು, ಯಾರಿಗೂ ತಿಳಿಯದಂತೆ ಅದಲು ಬದಲು ಮಾಡುವುದು. ಬೀಗರ ಬಡಾವಣೆಗೆ ತಿರುಗುವಲ್ಲೇ ಒಂದು ನರ್ಸರಿ ಇತ್ತು. ಕರೆಯದಿದ್ದರೂ ಸಾಹೇಬರು ಸ್ಕೂಟರಿನ ಹಿಂದೆ ಹತ್ತಿ ಕುಳಿತರು. ನರ್ಸರಿಯವನು ಬೇರು ಬಿಡಿಸಿ ತೋರಿಸಲಾ ಎಂದು ಕೇಳಿದ. ಮೇಷ್ಟ್ರು ಮದುವೆ ಮನೆಯ ಅವಸರದಲ್ಲಿ, ಬೇರು ಯಾರಿಗೆ ಬೇಕಪ್ಪ, ಎತ್ತರ ಸರಿಯಾಗಿದ್ದರೆ ಸಾಕು ಎಂದುಬಿಟ್ಟರು. ಸಾಹೇಬರು ಆಗ ಪಕ್ಕದಲ್ಲಿ ನಿಂತು ನರ್ಸರಿಯ ಆಳಿಗೆ ಗುಲಾಬಿಯ ಕೊಂಬೆ ಕತ್ತರಿಸುವುದು ಹೇಗೆಂದು ಪಾಠ ಮಾಡುತ್ತಿದ್ದರು.

ಮೇಷ್ಟ್ರು ಸಸಿಯ ಸುತ್ತ ದೊಡ್ಡ ಡ್ರಾಯಿಂಗ್ ಹಾಳೆ ಸುತ್ತಿ, ಚಿತ್ರದ ಸುರುಳಿಯಂತೆ ಕಂಕುಳಲ್ಲಿ ಇಟ್ಟುಕೊಂಡು ಬೀಗರ ಮನೆ ಹೊಕ್ಕರು. ಕಪ್ಪು ಕವರಿನ ಸಸಿ ಹಿಂಬಾಗಿಲ ಮೆಟ್ಟಿಲ ಮೇಲೆ ತಯಾರಾಗಿ ಕುಳಿತಿತ್ತು. ಹೇಳಿಕೊಟ್ಟಿದ್ದಂತೆ ಸಾಹೇಬರು ಬೀಗರನ್ನು ಸಸಿ ನೆಡಲು ತೋಡಿದ್ದ ಗುಂಡಿಯ ಹತ್ತಿರ ಕರೆದೊಯ್ದು ಮಾತಿಗೆ ಎಳೆದರು. ಆದರೆ ಹೇಳಿಕೊಟ್ಟಷ್ಟಕ್ಕೆ ನಿಲ್ಲಿಸುವ ಜನವೇ ಅಲ್ಲ ಅವರು. ಗುಂಡಿ ಸಾಲದು ಎಂದರು. ಬೀಗರು ಸಾಕು ಎಂದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಗುಂಡಿಯೊಳಗೇ ಇಳಿದು ಮೊಣಕಾಲಿನಿಂದ ಅಳೆಯತೊಡಗಿದರು.

ಮೇಷ್ಟ್ರು ಮೆಟ್ಟಿಲತ್ತ ಹೆಜ್ಜೆ ಇಟ್ಟರೋ ಇಲ್ಲವೋ, ಬೀಗಿತ್ತಿ ಕಾಫಿ ಹಿಡಿದು ಎದುರಾದರು.

"ಏನು ಚಿತ್ರ ಅಣ್ಣಾ? ನೋಡೋಣ."

"ಬೇಡಮ್ಮ, ಬಣ್ಣ ಇನ್ನೂ ಹಸಿ ಇದೆ."

ಸುರುಳಿಯ ಬಾಯಿಂದ ಒಂದು ಎಲೆ ಇಣುಕಿತ್ತು. ಕನ್ನಡಕ ಒಳಗೆ ಬಿಟ್ಟು ಬಂದಿದ್ದ ಬೀಗಿತ್ತಿ ಅದನ್ನೇ ದಿಟ್ಟಿಸಿ, ಎಷ್ಟು ನಿಜವಾಗಿ ಬರೆದಿದ್ದೀರಿ ಎಂದು ಮೆಚ್ಚಿಕೊಂಡರು. ಮೇಷ್ಟ್ರಿಗೆ ಜನ್ಮದಲ್ಲಿ ಅಂಥ ಹೊಗಳಿಕೆ ಸಿಕ್ಕಿರಲಿಲ್ಲ, ಆದರೆ ಅನುಭವಿಸುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಗುಂಡಿಯ ಜಗಳ ತಾರಕಕ್ಕೇರಿ ಆಕೆ ಆ ಕಡೆ ಓಡಿದರು. ಮೇಷ್ಟ್ರು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮೆಟ್ಟಿಲ ಮೇಲಿನ ಸಸಿಯನ್ನು ಎತ್ತಿ ಹಾಳೆಯಲ್ಲಿ ಸುತ್ತಿ, ತಂದದ್ದನ್ನು ಅಲ್ಲಿಟ್ಟರು.

ಮನೆಗೆ ಬಂದಾಗ ಎದೆಯ ಭಾರ ಇಳಿದಂತಾಗಿತ್ತು. ಸುಡುವ ಮುಂಚೆ ಒಮ್ಮೆ ಹುಳದ ಕೆಲಸ ತೋರಿಸುತ್ತೇನೆಂದು ಸಾಹೇಬರು ಕವರು ಸೀಳಿ ಮಣ್ಣು ಉದುರಿಸಿದರು. ಬೇರು ಬೆಳ್ಳಗೆ ನೀಟಾಗಿತ್ತು. ಹುಡುಕಿದರೂ ಒಂದು ಗಂಟಿಲ್ಲ.

"ಮೇಷ್ಟ್ರೇ, ಇದು ನಿಮ್ಮ ಮಣ್ಣೇ ಅಲ್ಲ," ಎಂದರು ಸಾಹೇಬರು.

ಆಗಲೇ ಫೋನು ಬಡಿದುಕೊಂಡಿತು. ಬೀಗರು. ದನಿಯಲ್ಲಿ ಎಂದೂ ಇಲ್ಲದ ಸಂಕೋಚ.

"ಒಂದು ತಪ್ಪು ಒಪ್ಪಿಕೋಬೇಕು ಬೀಗರೇ. ನೀವು ಕೊಟ್ಟ ಸಸಿ ಯಾಕೋ ಸೊರಗ್ತಿತ್ತು. ಬಿಚ್ಚಿ ನೋಡಿದೆ, ಬೇರೆಲ್ಲ ಗಂಟು. ನಿಮಗೆ ನೋವಾಗತ್ತೆ ಅಂತ ಹೇಳಲಿಲ್ಲ. ಸುಟ್ಟುಬಿಟ್ಟೆ. ನಮ್ಮ ತಿರುವಿನ ನರ್ಸರಿಯಿಂದ ಅಂಥದ್ದೇ ತಂದು, ನಿಮ್ಮದೇ ಅಂತ ಇಟ್ಟಿದ್ದೆ."

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಇಂಥ ದೊಡ್ಡ ಮನಸ್ಸಿನವರ ಮನೆಗೆ ಮಗಳು ಹೋಗುತ್ತಿದ್ದಾಳಲ್ಲ ಎಂದು ಹಿಗ್ಗಿ, ತಾವೂ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದರು. ಬೀಗರು ಬಿಡಲಿಲ್ಲ.

"ಈಗ ನೆಡೋಕೆ ಅಂತ ಕವರು ಹರಿದರೆ ಅದರಲ್ಲೂ ಗಂಟು! ತರುವಾಗ ಬೇರು ನೋಡೇ ತಂದಿದ್ದೆ, ಬೆಳ್ಳಗಿತ್ತು. ಆ ನರ್ಸರಿಯವನು ನನ್ನ ಕಣ್ಣಿಗೆ ಮಣ್ಣೆರಚಿ ಕಟ್ಟುವಾಗ ಬದಲಾಯಿಸಿದ್ದಾನೆ. ಸಸಿ ಬದಲಾಯಿಸೋ ಕಳ್ಳನ್ನ ನಾನು ಬಿಡಲ್ಲ. ನಾಲ್ಕು ಜನರ ಮುಂದೆ ಮಾನ ಕಳೀತೀನಿ. ಕಾರಲ್ಲಿ ನಿಮ್ಮನೆಗೇ ಬರ್ತಿದೀನಿ. ನೀವು ಮೇಷ್ಟ್ರು, ದೊಡ್ಡವರು, ಪಕ್ಕದಲ್ಲಿ ನಿಂತ್ರೆ ಮಾತಿಗೆ ತೂಕ."

ಮೇಷ್ಟ್ರು ಜ್ವರ ಎಂದರು, ತಲೆಸುತ್ತು ಎಂದರು. ಬೀಗರು ಬಂದು ತೋಳು ಹಿಡಿದು ಕಾರು ಹತ್ತಿಸಿದರು. ದಾರಿಯುದ್ದಕ್ಕೂ ಕಳ್ಳನನ್ನು ಬೈದರು. ಮೇಷ್ಟ್ರು ಹೌದು ಹೌದು ಎನ್ನುತ್ತಾ ಕುಳಿತಿದ್ದರು.

ನರ್ಸರಿಯ ಮುಂದೆ ಬೀಗರು ಅಂಗಿಯ ತೋಳು ಮಡಚಿ ಇಳಿದರು. ಅವರ ಬೆನ್ನ ಹಿಂದೆ ಅಡಗಿದ್ದ ಮೇಷ್ಟ್ರನ್ನು ಕಂಡು ನರ್ಸರಿಯವನ ಮುಖ ಅರಳಿತು.

"ಬನ್ನಿ ಸಾರ್, ಬನ್ನಿ. ಬೆಳಿಗ್ಗೆ ಒಯ್ದ ಸೀಬೆ ಸಸಿ ಹೇಗಿದೆ? ಇನ್ನೊಂದು ಬೇಕಿತ್ತಾ?"