ತುಟಿಯ ಗುಳ್ಳೆಯೂ ಸೋದರತ್ತೆಯ ಹಕ್ಕೂ

ಕಾಯಿಲೆಯ ಮರ್ಯಾದೆ ಅದು ಬಂದು ಕೂತ ಜಾಗವನ್ನು ನೋಡಿ ಸಿಗುತ್ತದೆ ಎಂಬುದು ಇಷ್ಟು ವಯಸ್ಸಾದರೂ ನನಗೆ ಗೊತ್ತಿರಲಿಲ್ಲ. ಹೋದ ವರ್ಷ ನಮ್ಮ ಮನೆಯವರ ಸೊಂಟಕ್ಕೆ ಸರ್ಪಸುತ್ತು ಎದ್ದಾಗ ಕೂಡ್ಲಿಗಿಯ ಅರ್ಧ ಊರು ಬಾಳೆಹಣ್ಣು ಹಿಡಿದು ನೋಡಲು ಬಂದಿತ್ತು. ಅವರೂ ಅಂಗಿ ಎತ್ತಿ, ಕೆಮ್ಮಣ್ಣು ಬಳಿದ ಸೊಂಟವನ್ನು ಬಂದವರಿಗೆಲ್ಲ ತೋರಿಸಿ ಹೆಮ್ಮೆಯಿಂದ ನರಳಿದ್ದೇ ನರಳಿದ್ದು. ಈ ಸಲ ನನ್ನ ತುಟಿಯ ಅಂಚಿಗೆ ಸಾಸಿವೆ ಕಾಳಿನಂಥ ನೀರ್ಗುಳ್ಳೆಗಳೆದ್ದವು ನೋಡಿ, ಒಬ್ಬರೂ ಒಂದು ಬಾಳೆಹಣ್ಣು ತರಲಿಲ್ಲ. ನನ್ನ ಹೊಲಿಗೆ ಅಂಗಡಿಗೆ ರವಿಕೆ ಅಳತೆ ಕೊಡಲು ಬಂದವರು "ಹಲ್ಲಿ ಮುಟ್ಟೈತಿ", "ಜೇಡ ಹರದೈತಿ" ಎಂದು ತೀರ್ಪು ಕೊಟ್ಟು, ಸುಣ್ಣ ಹಚ್ಚಲು ಹೇಳಿ ನಡೆದರು.

ಸುಮ್ಮನಿದ್ದುಬಿಡುತ್ತಿದ್ದೆ. ಆದರೆ ಬರುವ ಭಾನುವಾರ ಕೊಟ್ಟೂರಿನಲ್ಲಿ ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುವುದೂ ಪದ್ಧತಿ. ನನ್ನ ತಮ್ಮ ಮದುವೆಯಾದದ್ದೇ ತಲೆ ನೆರೆತ ಮೇಲೆ. ಈ ಗುದ್ದಿಗಾಗಿ ನಾನು ಎಷ್ಟು ಕಾದಿದ್ದೆ ಎಂದು ನನಗೇ ಗೊತ್ತು! ಅಷ್ಟರೊಳಗೆ ತುಟಿ ನೆಟ್ಟಗಾಗಲಿ ಎಂದು ಡಾಕ್ಟರಮ್ಮನ ಹತ್ತಿರ ಹೋದರೆ, ಆಕೆ ನೋಡಿದ ತಕ್ಷಣ "ಹರ್ಪಿಸ್" ಎಂದರು. ಪಕ್ಕದಲ್ಲಿದ್ದ ನಮ್ಮ ಮನೆಯವರು ಕುರ್ಚಿಯನ್ನು ಮೆಲ್ಲಗೆ ಅತ್ತ ಸರಿಸಿದರು.

ಹೊರಗೆ ಬಂದು ಮೊಬೈಲಿನಲ್ಲಿ ಹುಡುಕಿ, "ಏ, ಇದು ಕೆಳಗ ಬರೋದಂತಲ್ಲೇ?" ಎಂದು ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ವರ್ಷ ಸಂಸಾರ ಮಾಡಿ, ಹೆಂಡ್ತಿ ತುಟಿ ಎಲ್ಲೈತಿ ಅಂತ ಗೊತ್ತಿಲ್ಲೇನ್ರಿ ನಿಮಗ?" ಎಂದು ಅವರನ್ನು ಮತ್ತೆ ಒಳಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ನಕ್ಕರು. "ಕೆಳಗೂ ಬರ್ತೈತ್ರಿ, ತುಟಿಗೂ ಬರ್ತೈತಿ. ಬೆರಳಿಗೆ, ಕೆನ್ನಿಗೆ, ಕಣ್ಣಿಗೂ ಬರ್ತೈತಿ. ಬಾಯಿಗೆ ಬರೋದು ಬಾಳ ಮಂದಿಗೆ ಸಣ್ಣವರಿದ್ದಾಗ ಮನಿಯವರು ಯಾರೋ ಮುದ್ದು ಕೊಟ್ಟು ಅಂಟಿರ್ತೈತಿ. ಒಳಗ ಮಲಗಿದ್ದು, ಜ್ವರ ಬಂದಾಗ, ದಣಿದಾಗ ಏಳ್ತೈತಿ. ನಿಮ್ಮ ಸರ್ಪಸುತ್ತೂ ಇದರ ದಾಯಾದಿನ ನೋಡ್ರಿ" ಎಂದರು. ನಮ್ಮ ಮನೆಯವರು ಸೊಂಟ ಮುಟ್ಟಿ ನೋಡಿಕೊಂಡರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿ, "ಆದ್ರ ಹಕ್ಕಳಿ ಉದುರಿ ಪೂರಾ ವಾಸಿ ಆಗೋ ತನಕ ಹಸಗೂಸಿನ ಹತ್ರ ಬಾಯಿ ಒಯ್ಯಬ್ಯಾಡ್ರಿ. ನಿಮಗಿದು ಬರೇ ಗುಳ್ಳಿ, ಕೂಸಿಗೆ ಜೀವಕ್ಕ ಕುತ್ತು" ಎಂದುಬಿಟ್ಟರು.

ಭಾನುವಾರವಾದರೂ ಹಕ್ಕಳೆ ಉದುರಲಿಲ್ಲ. ನನ್ನ ಸಿಟ್ಟೂ ಇಳಿಯಲಿಲ್ಲ. ಡಾಕ್ಟರು ಹೇಳಿದರೆಂದು ಹಕ್ಕು ಬಿಡಲಾದೀತೇ? ಯಾರು ಯಾರು ತಡೆಯುತ್ತಾರೆ, ಅವರಿಗೆ ಏನೇನು ಅನ್ನಬೇಕು ಎಂದು ಕೊಟ್ಟೂರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಹೋಗಿ ನೋಡಿದರೆ ತಡೆಯುವವರೇ ಇಲ್ಲ! ತಮ್ಮನ ಅತ್ತೆ ನನ್ನ ತುಟಿ ನೋಡಿ, "ಜ್ವರದ ಗುಳ್ಳಿ ಯಾರಿಗಿ ಬರಂಗಿಲ್ರಿ ಬೀಗರ? ಬರ್ರಿ, ಬಗ್ಗಿ ಹೆಸರು ಹೇಳ್ರಿ" ಎಂದು ತೊಟ್ಟಿಲ ಹತ್ತಿರ ನೂಕಿದರು. ತಮ್ಮನ ಹೆಂಡತಿ ಸವಿತಾ, ನಾನೇ ಹೊಲಿದ ಕುಲಾವಿಯನ್ನು ಸರಿಸಿ, "ಹೇಳ್ರಿ ಅಕ್ಕಾ" ಎಂದು ಕೂಸಿನ ಕಿವಿ ತೋರಿಸಿದಳು. ಅಯ್ಯೋ, ಒಬ್ಬರಾದರೂ ಬೇಡ ಅನ್ನಬಾರದೇ! ಬೆಣ್ಣೆಯಂಥ ಪುಟ್ಟ ಕಿವಿ. ಅರ್ಧ ಬಗ್ಗಿದವಳು ನೆಟ್ಟಗೆ ನಿಂತೆ.

"ಆಗಂಗಿಲ್ರಿ! ಇದು ಹರ್ಪಿಸ್ ಐತಿ, ಕೂಸಿಗೆ ಕುತ್ತು!" ಎಂದು ಕೂಗಿಬಿಟ್ಟೆ.

ಮೊಬೈಲು ಬಲ್ಲ ಹುಡುಗಿಯರು ಒಬ್ಬರಿಗೊಬ್ಬರು ಮೊಳಕೈ ತಿವಿದುಕೊಂಡರು. ಹೆಂಗಸರು ಒಂದೊಂದೇ ಹೆಜ್ಜೆ ಹಿಂದೆ ಸರಿದರು. "ಹಂಗಾರ ಹೆಸರು ಯಾರು ಇಡ್ತಾರ?" ಎಂದು ಯಾವುದೋ ಮುದುಕಿ ಕೇಳಿತು. "ನಾನ ಇಡ್ತೀನಿ, ಮತ್ಯಾರು!" ಎಂದು ದುರ್ದಾನ ತೆಗೆದುಕೊಂಡವಳಂತೆ ಬಾಗಿಲಿಗೆ ಹೋಗಿ ನಿಂತು, ಬಾಯಿಗೆ ಸೆರಗು ಒತ್ತಿ, ಗಂಟಲು ಕಿತ್ತುಹೋಗುವ ಹಾಗೆ "ಆರಾಧ್ಯಾ!" ಎಂದು ಕಿರುಚಿದೆ. ಕೂಸು ಬೆಚ್ಚಿ ಅತ್ತಿತು. ಓಣಿಯಲ್ಲಿ ಆಡುತ್ತಿದ್ದ ಇಬ್ಬರು ಆರಾಧ್ಯಾಗಳು "ಏನ್ರೀ?" ಎಂದು ಓಡಿಬಂದರು. ಹರ್ಪಿಸ್ ಎಂದಾಗ ದೂರ ಸರಿದಿದ್ದ ಹೆಂಗಸರು ಗುದ್ದಲು ಮಾತ್ರ ತಪ್ಪದೆ ಹತ್ತಿರ ಬಂದರು.

ಊಟಕ್ಕೆ ಕೂತಾಗ ಅವ್ವ ಹೋಳಿಗೆ ಮುರಿಯುತ್ತ ಸಾವಕಾಶವಾಗಿ, "ನಿನಗ ಹೆಸರಿಟ್ಟ ದಿನ ನಿಮ್ಮ ಸೋದರತ್ತಿನೂ ಹಿಂಗ ತುಟಿಗೆ ಸುಣ್ಣ ಹಚ್ಚಿಕೊಂಡು ಬಂದಿದ್ಲು. ಆದ್ರೂ ಮುಖದ ತುಂಬ ಮುದ್ದು ಕೊಟ್ಟಾಕಿ ನೋಡವ್ವ" ಎಂದಳು. ಇದನ್ನು ಈಗ ಹೇಳುತ್ತಾಳೆ! ನಾನು ಬದುಕಿ ಉಳಿದದ್ದೇ ಪುಣ್ಯ. ಆ ಅತ್ತೆ ಇದ್ದಿದ್ದರೆ ಅವತ್ತೇ ಹೋಗಿ ಜಗಳ ತೆಗೆಯುತ್ತಿದ್ದೆ. ತವರಿನ ಹೊಲ, ಮನೆ ಎಲ್ಲ ತಮ್ಮನಿಗೆ ಹೋದವು. ನನ್ನ ಪಾಲಿಗೆ ಬಂದದ್ದು ಈ ಗುಳ್ಳೆ ಒಂದೇ. ಅದನ್ನಾದರೂ ಸೋದರಸೊಸೆಗೆ ಕೊಟ್ಟು ಹೋಗೋಣವೆಂದರೆ ಅದಕ್ಕೂ ನನಗೆ ಹಕ್ಕಿಲ್ಲ, ಎಂಥ ಅನ್ಯಾಯ ನೋಡಿ!